ಗುಲಾಬಿ ಬುಡದ ಗಂಟು ಔಷಧಿಗೆ ಬಗ್ಗುತ್ತಿಲ್ಲ. ಗಿಡಕ್ಕೆ ಜೀನ್ ಸೇರಿಸೋ ಬ್ಯಾಕ್ಟೀರಿಯಾ ಇದೇನಾ?

ಬಳ್ಳಾಪುರದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡೋನು. ದೊಡ್ಡಬಳ್ಳಾಪುರದ ಹತ್ತಿರ ಮನೆ ಹಿಂದಿನ ಅರ್ಧ ಎಕರೆಯಲ್ಲಿ ಗುಲಾಬಿ ಹಾಕಿದ್ದೇವೆ. ನೋಡಿಕೊಳ್ಳೋದೆಲ್ಲ ನಮ್ಮ ಮನೆಯವರು, ನಾನು ಭಾನುವಾರದ ರೈತ.

ಹೋದ ಆಷಾಢದಲ್ಲಿ ತಂದು ನೆಟ್ಟ ಕಸಿ ಗಿಡಗಳ ಪೈಕಿ ಹನ್ನೆರಡಕ್ಕೆ, ಕಸಿ ಕಟ್ಟಿದ ಜಾಗದಲ್ಲಿ, ಮಣ್ಣಿಗೆ ತಾಗಿದ ಹಾಗೆ ಗಂಟು ಬಂದಿದೆ. ಮೊದಲು ಕಡಲೆಕಾಳಿನಷ್ಟಿತ್ತು, ಬೆಳ್ಳಗೆ, ಉಗುರು ಒತ್ತಿದರೆ ಇಳಿಯುವಷ್ಟು ಮೆತ್ತಗೆ. ಈಗ ನಿಂಬೆಹಣ್ಣಿನ ಗಾತ್ರ, ಮೇಲೆ ಕಂದು ಬಣ್ಣ, ಒರಟು. ಗೊಬ್ಬರದ ಅಂಗಡಿಯವರು ಸ್ಟ್ರೆಪ್ಟೊಸೈಕ್ಲಿನ್ ಜೊತೆ ಸಿಒಸಿ (ಕಾಪರ್ ಆಕ್ಸಿಕ್ಲೋರೈಡ್ ಅನ್ನೋ ತಾಮ್ರದ ಔಷಧಿ) ಕೊಟ್ಟರು. ಹದಿನೈದು ದಿನಕ್ಕೊಂದರಂತೆ ಮೂರು ಸಲ ಬುಡಕ್ಕೆ ಹುಯ್ದಾಯ್ತು. ಗಂಟು ಕೂದಲೆಳೆಯಷ್ಟೂ ಇಳಿದಿಲ್ಲ.

ಪರಿಚಯದವರೊಬ್ಬರು ಫೋಟೊ ನೋಡಿ "ಕ್ರೌನ್ ಗಾಲ್, ಅಗ್ರೊಬ್ಯಾಕ್ಟೀರಿಯಂದು" ಅಂದರು. ಆ ಹೆಸರು ಕೇಳಿದ ಕೂಡಲೇ ಬಿಎಸ್ಸಿ ನೆನಪಾಯ್ತು. ಗಿಡಕ್ಕೆ ಜೀನ್ ಸೇರಿಸೋಕೆ ಬಳಸೋ ಬ್ಯಾಕ್ಟೀರಿಯಾ ಅಂತ ಒಂದು ಸಾಲು ಬಾಯಿಪಾಠ ಮಾಡಿದ್ದೆ, ಅಷ್ಟೇ. ತರಗತಿಯಲ್ಲಿ ಈ ವಿಷಯ ಎತ್ತಿದೆ ನೋಡಿ, ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬಳು ಎದ್ದು ನಿಂತು "ಹಾಗಾದ್ರೆ ನಿಮ್ಮ ಗುಲಾಬಿ ಈಗ ಕುಲಾಂತರಿ ಆಯ್ತಾ ಸಾರ್?" ಅಂದಳು. ನಾಳೆ ಹೇಳ್ತೀನಿ ಕೂತ್ಕೋ ಅಂದೆ. ಆ ನಾಳೆ ಬಂದು ಎಂಟು ದಿನ ಆಯ್ತು.

ಬ್ಯಾಕ್ಟೀರಿಯಾ ಕೊಲ್ಲೋ ಔಷಧಿ ಹಾಕಿದ ಮೇಲೂ ಗಂಟು ಬೆಳೆಯೋದು ಯಾಕೆ? ಹುಡುಗಿಗೆ ಏನು ಹೇಳಲಿ? ಇದನ್ನ ಶಾಲೆಯಲ್ಲೇ ಮಾಡಿ ತೋರಿಸಬಹುದಾ? ತಿಳಿದವರು ಹೇಳಿ.

ಕಸಿಕತ್ತರಿ

ಕಿತ್ತು ಸುಡಿ ಸಾರ್, ಹನ್ನೆರಡನ್ನೂ. ಇಪ್ಪತ್ತು ವರ್ಷದಿಂದ ನರ್ಸರಿ ನಡೆಸ್ತಿದ್ದೀನಿ, ಈ ಗಂಟು ಇಳಿದದ್ದು ಒಂದು ಸಲವೂ ನೋಡಿಲ್ಲ. ಗಂಟು ಕುಯ್ದ ಕತ್ತರಿಯಲ್ಲೇ ಪಕ್ಕದ ಗಿಡ ಸವರಿದ್ರೆ ಕೈಯಾರೆ ಹಂಚಿದ ಹಾಗೆ. ಒಂದೊಂದು ಗಿಡಕ್ಕೂ ಕತ್ತರಿಯನ್ನ ಸ್ಪಿರಿಟ್ಟಿನಲ್ಲಿ ಅದ್ದಿ. ಕಿತ್ತ ಗುಂಡಿಯಲ್ಲಿ ಮತ್ತೆ ಗುಲಾಬಿ ಬೇಡ, ಎರಡು ಮೂರು ವರ್ಷ ಮುಸುಕಿನ ಜೋಳವೋ ರಾಗಿಯೋ ಹಾಕಿ. ಅವಕ್ಕೆ ಈ ರೋಗ ಬರಲ್ಲ. ಯಾಕೆ ಅಂತ ನನ್ನ ಕೇಳಬೇಡಿ, ಓದಿದೋರು ಹೇಳಲಿ. ಮುಂದಿನ ಸಲ ಗಿಡ ತಗೊಳ್ಳುವಾಗ ಬುಡದ ಮಣ್ಣು ಕೆದರಿ ನೋಡದೆ ದುಡ್ಡು ಕೊಡಬೇಡಿ.

ಪೆಟ್ರಿತಟ್ಟೆ

ಕಸಿಕತ್ತರಿ ಅಣ್ಣ ಹೇಳಿದ್ದು ಸರಿ, ಸುಡಬೇಕು. ಯಾಕೆ ಅನ್ನೋದು ನಾನು ಹೇಳ್ತೀನಿ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಹನ್ನೊಂದು ವರ್ಷ ಈ ಬ್ಯಾಕ್ಟೀರಿಯಾನ ಸಾಕಿದ್ದೇ ನನ್ನ ಸಂಬಳದ ಕೆಲಸ. ನಿಜ ಹೇಳಬೇಕೂಂದ್ರೆ ಸಾಕಿದ್ದಕ್ಕಿಂತ ಕೊಲ್ಲೋಕೆ ಒದ್ದಾಡಿದ್ದೇ ಜಾಸ್ತಿ.

ಮೇಷ್ಟ್ರೇ, ನಿಮ್ಮ ಔಷಧಿ ಬ್ಯಾಕ್ಟೀರಿಯಾನ ಕೊಂದೇ ಇರಬಹುದು. ಆದರೆ ಗಂಟನ್ನ ಈಗ ಬೆಳೆಸ್ತಿರೋದು ಬ್ಯಾಕ್ಟೀರಿಯಾ ಅಲ್ಲ, ಗುಲಾಬಿಯೇ. 1907ರಲ್ಲಿ ಅಮೆರಿಕದ ಸ್ಮಿತ್ ಮತ್ತು ಟೌನ್‌ಸೆಂಡ್ ಈ ಗಂಟಿಗೆ ಕಾರಣ ಒಂದು ಬ್ಯಾಕ್ಟೀರಿಯಾ ಅಂತ ತೋರಿಸಿದರು. 1940ರ ದಶಕದಲ್ಲಿ ಆರ್ಮಿನ್ ಬ್ರಾನ್ ಅನ್ನೋರು ನಮ್ಮ ಅಂಗಳದಲ್ಲೆಲ್ಲ ಇರೋ ನಿತ್ಯಪುಷ್ಪ ಗಿಡ ಹಿಡಿದುಕೊಂಡು ಚೆಂದದ ಒಂದು ಕೆಲಸ ಮಾಡಿದರು. ಆ ಗಿಡ 46 ಡಿಗ್ರಿ ಆಸುಪಾಸಿನ ಬಿಸಿ ತಡೆದುಕೊಳ್ಳುತ್ತೆ, ಈ ಬ್ಯಾಕ್ಟೀರಿಯಾ ತಡೆಯಲ್ಲ. ರೋಗ ಅಂಟಿಸಿ, ಆಮೇಲೆ ಗಿಡವನ್ನ ಬಿಸಿಯಲ್ಲಿಟ್ಟು ಬ್ಯಾಕ್ಟೀರಿಯಾ ಪೂರ್ತಿ ಸತ್ತ ಮೇಲೂ ಗಂಟು ಬೆಳೀತಾನೇ ಹೋಯ್ತು. ನಿಮ್ಮ ಮೂರು ಸಲದ ಸ್ಟ್ರೆಪ್ಟೊಸೈಕ್ಲಿನ್ ಹೇಳ್ತಿರೋದೂ ಅದನ್ನೇ. ಬ್ಯಾಕ್ಟೀರಿಯಾ ಏನೋ ಒಂದನ್ನ ಗಿಡದ ಕೋಶದೊಳಗೆ ಇಟ್ಟು ಹೋಗಿದೆ ಅಂತ ಬ್ರಾನ್‌ಗೆ ಗೊತ್ತಾಯ್ತು. ಏನು ಅನ್ನೋದು ತಿಳಿಯೋಕೆ ಮತ್ತೆ ಮೂವತ್ತು ವರ್ಷ ಬೇಕಾಯ್ತು. 1974ರಲ್ಲಿ ಬೆಲ್ಜಿಯಂನ ಗೆಂಟ್ ನಗರದಲ್ಲಿ ಶೆಲ್ ಮತ್ತು ವಾನ್ ಮೊಂಟಾಗು ಅವರ ತಂಡ ರೋಗ ತರೋ ತಳಿಗಳಲ್ಲಿ ಮಾತ್ರ ಒಂದು ದೊಡ್ಡ ಡಿಎನ್‌ಎ ಉಂಗುರ ಇದೆ ಅಂತ ಕಂಡುಕೊಂಡಿತು. ಆ ಉಂಗುರದ ಒಂದು ಚೂರು ಗಂಟಿನ ಕೋಶದ ಡಿಎನ್‌ಎಯಲ್ಲೇ ಹೊಲಿದುಕೊಂಡಿರೋದನ್ನ 1977ರಲ್ಲಿ ತೋರಿಸಿದವರು ಅಮೆರಿಕದ ಮೇರಿ ಡೆಲ್ ಚಿಲ್ಟನ್ ಮತ್ತು ಅವರ ಜೊತೆಯವರು.

ಆ ಚೂರಲ್ಲಿ ಇರೋದಾದರೂ ಏನು? ಗಿಡದ ಬೆಳವಣಿಗೆಯ ಹಾರ್ಮೋನು ತಯಾರಿಸೋ ಜೀನುಗಳು. ಅದಕ್ಕೇ ಕೋಶಗಳು ಹದ್ದು ಮೀರಿ ಒಡೆದು ಗಂಟಾಗೋದು. ಜೊತೆಗೆ ಓಪೈನ್ ಅನ್ನೋ ಪದಾರ್ಥ ಮಾಡಿಸೋ ಜೀನು. ಓಪೈನ್ ಗುಲಾಬಿಗೆ ಏನಕ್ಕೂ ಬೇಕಿಲ್ಲ, ಮಣ್ಣಿನ ಬೇರೆ ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವಕ್ಕೆ ಅದು ದಕ್ಕಲ್ಲ, ಅಗ್ರೊಬ್ಯಾಕ್ಟೀರಿಯಂಗೆ ಮಾತ್ರ ಮೃಷ್ಟಾನ್ನ. ಪರರ ಮನೆಗೆ ನುಗ್ಗಿ, ಅವರದೇ ಒಲೆ, ಅವರದೇ ಸೌದೆಯಲ್ಲಿ ತನಗೊಬ್ಬನಿಗೇ ರುಚಿಸೋ ಅಡುಗೆ ಮಾಡಿಸಿಕೊಳ್ಳೋ ಜಾತಿ ಇದು.

ಇಷ್ಟಕ್ಕೂ ನಿಮ್ಮ ಗಂಟು ಕಸಿಯ ಜಾಗದಲ್ಲೇ ಬಂದಿದೆ ನೋಡಿ. ಗಾಯವಾದ ಗಿಡದಿಂದ ಫಿನಾಲ್ ಜಾತಿಯ ರಾಸಾಯನಿಕಗಳು ಸೋರುತ್ತವೆ, ಅದರಲ್ಲೊಂದು ಅಸಿಟೊಸಿರಿಂಗೋನ್. ನಮ್ಮ ಲ್ಯಾಬ್ ಫ್ರಿಜ್ಜಿನಲ್ಲಿ ಅದರ ಪುಟ್ಟ ಬಾಟಲಿ ಯಾವಾಗಲೂ ಇರೋದು. ಬ್ಯಾಕ್ಟೀರಿಯಾ ಅದರ ವಾಸನೆ ಹಿಡಿದ ಕೂಡಲೇ ಉಂಗುರದ ಮೇಲಿನ ಕೆಲಸಗಾರ ಜೀನುಗಳು ಏಳುತ್ತವೆ. ಸಾಗಿಸಬೇಕಾದ ಚೂರಿನ ಎರಡು ತುದಿಗೂ 25 ಡಿಎನ್‌ಎ ಅಕ್ಷರದ ಒಂದೊಂದು ಗುರುತು ಇರುತ್ತೆ, ಹೊಲದ ಬದುವಿಗೆ ನೆಟ್ಟ ಕಲ್ಲಿದ್ದ ಹಾಗೆ. ಅಲ್ಲಿ ಕತ್ತರಿಸಿ, ಒಂದು ಎಳೆಯನ್ನ ಸೂಜಿಯಂಥ ಕೊಳವೆಯಲ್ಲಿ ಗಿಡದ ಕೋಶಕ್ಕೆ ದೂಡುತ್ತೆ. ರಾಗಿ ಜೋಳಗಳು ಗಾಯಕ್ಕೆ ಸ್ಪಂದಿಸೋ ರೀತಿಯೇ ಬೇರೆ, ಹಾಗಾಗಿ ಅವಕ್ಕೆ ಗಂಟಿಲ್ಲ. ಭತ್ತಕ್ಕೆ ಇದೇ ದಾರಿಯಲ್ಲಿ ಜೀನ್ ಸೇರಿಸೋದು 1994ರಲ್ಲಿ ಜಪಾನಿನವರಿಗೆ ಚೆನ್ನಾಗಿ ಕುದುರಿತು, ಅಸಿಟೊಸಿರಿಂಗೋನನ್ನ ಹೊರಗಿನಿಂದ ಹಾಕಿಕೊಂಡು.

ಆ ಹುಡುಗಿಗೆ ಹೇಳಿ: ಗಂಟು ಕುಲಾಂತರಿ, ಹೂವು ಅಲ್ಲ. ಹೊಸ ಜೀನು ಇರೋದು ಗಂಟಿನ ಕೋಶಗಳಲ್ಲಿ ಮಾತ್ರ. ಜೊತೆಗೆ ಇನ್ನೊಂದೂ ಹೇಳಿ, ಖುಷಿಪಡ್ತಾಳೆ. 2015ರಲ್ಲಿ ಸಿಹಿಗೆಣಸಿನ 291 ತಳಿಗಳನ್ನ ಪರೀಕ್ಷಿಸಿದಾಗ ಎಲ್ಲದರಲ್ಲೂ ಈ ಬ್ಯಾಕ್ಟೀರಿಯಾ ಜಾತಿಯ ಜೀನು ಸಿಕ್ಕಿತು. ಯಾವುದೋ ಕಾಲದಲ್ಲಿ, ಯಾವ ಲ್ಯಾಬೂ ಇಲ್ಲದೆ ಸೇರಿಕೊಂಡದ್ದು. ಸಂಕ್ರಾಂತಿಗೆ ಬೇಯಿಸಿ ತಿನ್ನೋದು ಅದನ್ನೇ.

ಲ್ಯಾಬಿನವರು ಮಾಡೋದು ಇಷ್ಟು: ಎರಡು ಬದುಕಲ್ಲು ಬಿಟ್ಟು, ಮಧ್ಯದ ಹಾರ್ಮೋನು ಜೀನುಗಳನ್ನ ಕಿತ್ತು, ಆ ಜಾಗದಲ್ಲಿ ನಮಗೆ ಬೇಕಾದ್ದನ್ನ ಇಡೋದು. ಬ್ಯಾಕ್ಟೀರಿಯಾ ಒಳಗೇನಿದೆ ಅಂತ ನೋಡಲ್ಲ, ಗೋಣಿಚೀಲ ಬಿಚ್ಚದ ಲಾರಿ ಡ್ರೈವರ್ ಥರ. 1983ರಲ್ಲಿ ಗೆಂಟ್ ತಂಡ, ಅಮೆರಿಕದ ಮೊನ್ಸಾಂಟೊ ಕಂಪನಿ, ಚಿಲ್ಟನ್ ಅವರ ತಂಡ, ಮೂರೂ ಹೆಚ್ಚುಕಮ್ಮಿ ಒಟ್ಟಿಗೇ ಇದನ್ನ ಸಾಧಿಸಿದ್ದನ್ನ ಹೇಳಿಕೊಂಡವು.

ಪಾಠದ ಪುಸ್ತಕ ಇಲ್ಲಿಗೆ ನಿಲ್ಲುತ್ತೆ. ನನ್ನ ಕೆಲಸ ಶುರುವಾಗ್ತಿದ್ದದ್ದೇ ಇಲ್ಲಿಂದ. ಜೀನು ಸಾಗಿಸೋಕೆ ಬ್ಯಾಕ್ಟೀರಿಯಾಕ್ಕೆ ಬೇಕಿರೋದು ಎರಡು ಮೂರು ದಿನ. ಆ ಕೋಶವನ್ನ ಗಿಡ ಮಾಡೋಕೆ ತಿಂಗಳುಗಳು, ಕೆಲವು ಬೆಳೆಯಲ್ಲಿ ವರ್ಷಗಳು.

ಹೊಗೆಸೊಪ್ಪಿನ ಎಲೆ ಎಲ್ಲಕ್ಕಿಂತ ಸುಲಭ. ಎಲೆಯನ್ನ ಉಗುರಿನಷ್ಟು ತುಂಡು ಮಾಡಿ, 28 ಡಿಗ್ರಿಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದ ನೀರಲ್ಲಿ ಹತ್ತು ನಿಮಿಷ ಅದ್ದಿ, ಒರೆಸಿ, ಎರಡು ದಿನ ಕತ್ತಲಲ್ಲಿಡೋದು. ಒಂದು ಏಪ್ರಿಲ್‌ನಲ್ಲಿ ಶನಿವಾರ ರಾತ್ರಿ ಕರೆಂಟು ಹೋಗಿ, ಜನರೇಟರ್ ಕೈಕೊಟ್ಟು, ರೂಮು 33 ಡಿಗ್ರಿ ಆಗಿತ್ತು. ಸೋಮವಾರ ತಟ್ಟೆಗಳು ನೋಡೋಕೆ ಚೆನ್ನಾಗೇ ಇದ್ದವು. ಬ್ಯಾಕ್ಟೀರಿಯಾ ಬದುಕಿತ್ತು, ಎಲೆಯೂ ಹಸಿರಾಗಿತ್ತು. ಆದರೆ 30 ದಾಟಿದರೆ ಆ ಸಾಗಾಣಿಕೆ ಕೊಳವೆ ಸರಿಯಾಗಿ ಕಟ್ಟಿಕೊಳ್ಳಲ್ಲ. ಒಂದು ತಿಂಗಳ ಮೇಲೆ ಒಂದೂ ಹಸಿರು ಚಿಗುರು ಬರದಿದ್ದಾಗಲೇ ಗೊತ್ತಾಗಿದ್ದು.

ಎರಡು ದಿನ ಆದಮೇಲೆ ಬ್ಯಾಕ್ಟೀರಿಯಾನ ಮನೆಯಿಂದ ಓಡಿಸಬೇಕು. ಅದಕ್ಕೆ ಸೆಫೊಟ್ಯಾಕ್ಸಿಮ್, ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡ್ತಾರಲ್ಲ, ಅದೇ. ಮೆಡಿಕಲ್ ಶಾಪಿನಲ್ಲಿ ಇಪ್ಪತ್ತು ವಯಲ್ ಕೇಳಿದಾಗ ಆತ "ಯಾರಿಗಮ್ಮಾ ಇಷ್ಟು ಸೀರಿಯಸ್ಸು?" ಅಂದಿದ್ದ. ಎಲೆಗೆ ಅಂದೆ. ಎಷ್ಟು ಹಾಕಿದರೂ ಮೂರನೇ ವಾರಕ್ಕೆ ತುಂಡಿನ ಅಂಚಲ್ಲಿ ಗಂಜಿ ತಿಳಿಯಂಥ ಬಿಳಿ ಪೊರೆ ಮತ್ತೆ ಕಾಣಿಸಿಕೊಳ್ಳುತ್ತೆ. ಆ ತಟ್ಟೆ ಕಸಕ್ಕೆ.

ಜೀನು ಸೇರದ ಕೋಶಗಳನ್ನ ಬೇರೆ ಮಾಡೋಕೆ ಕನಾಮೈಸಿನ್ ಅನ್ನೋ ಇನ್ನೊಂದು ಆಂಟಿಬಯಾಟಿಕ್. ಕಳಿಸಿದ ಚೂರಿನಲ್ಲಿ ಕನಾಮೈಸಿನ್ ತಡೆಯೋ ಜೀನನ್ನೂ ಸೇರಿಸಿರ್ತೀವಿ. ಅದು ಸಿಕ್ಕ ಚಿಗುರು ಹಸಿರು, ಸಿಗದ್ದು ಸುಣ್ಣದ ಹಾಗೆ ಬೆಳ್ಳಗೆ. ಹಸಿರು ಕಂಡ ಕೂಡಲೇ ಕುಣಿಯಬಾರದು. ಪಿಸಿಆರ್ (ಬೇಕಾದ ಡಿಎನ್‌ಎ ಚೂರು ಇದೆಯಾ ಅಂತ ಹುಡುಕೋ ಪರೀಕ್ಷೆ) ಮಾಡಿದಾಗ ಜೀನು ಇದೆ ಅಂತ ಬಂದರೂ ಅದು ಗಿಡದೊಳಗಿನದ್ದೋ, ಕಾಂಡದ ಸಂದಿಯಲ್ಲಿ ಅವಿತಿರೋ ಬ್ಯಾಕ್ಟೀರಿಯಾದ್ದೋ? ಮೊದಲ ವರ್ಷ ನಾನು ಒಂಬತ್ತು ಗಿಡ ಆಯ್ತು ಅಂತ ಸಿಹಿ ಹಂಚಿದ್ದೆ. ಅದರಲ್ಲಿ ಏಳು ಬರೀ ಬ್ಯಾಕ್ಟೀರಿಯಾ ಹೊತ್ತ ಸಾದಾ ಗಿಡ. ಬ್ಯಾಕ್ಟೀರಿಯಾದಲ್ಲಿ ಮಾತ್ರ ಇರೋ, ಗಿಡಕ್ಕೆ ಹೋಗದ ಜೀನನ್ನೂ ಹುಡುಕಿ ನೋಡಬೇಕು ಅನ್ನೋ ಬುದ್ಧಿ ಆಮೇಲೆ ಬಂತು.

ಇದು ಸುಲಭದ ಗಿಡದ ಕಥೆ. ನನ್ನ ತವರು ಹಾವೇರಿ ಕಡೆ, ಹಾಗಾಗಿ ಬ್ಯಾಡಗಿ ಮೆಣಸಿನಕಾಯಿಯ ಕೆಲಸ ಬಂದಾಗ ನಾನೇ ಮುಂದೆ ಬಿದ್ದು ತಗೊಂಡೆ. ಎರಡೂವರೆ ವರ್ಷ. ಬಣ್ಣ ಕೊಡೋ ಗಸ್ ಅನ್ನೋ ಜೀನು ಹಾಕಿ ನೋಡಿದರೆ ಮೂರನೇ ದಿನಕ್ಕೇ ತುಂಡಿನ ಅಂಚಲ್ಲಿ ನೀಲಿ ಚುಕ್ಕಿಗಳು, ಅಂದರೆ ಜೀನು ಒಳಗೆ ಹೋಗಿದೆ, ಕೆಲಸವನ್ನೂ ಮಾಡ್ತಿದೆ. ಆದರೆ ಮೆಣಸಿನ ಕೋಶ ಗಿಡವಾಗಲು ಒಪ್ಪಲ್ಲ. ಪುಟ್ಟ ಎಲೆಗಳ ಗೊಂಚಲು ಬಂದು ಅಲ್ಲೇ ಮುದುಡಿ ಕೂರುತ್ತೆ, ಕಾಂಡ ಏಳೋದೇ ಇಲ್ಲ. ಸಾವಿರಾರು ತುಂಡು, ಮಣ್ಣಿಗೆ ಬಂದ ಗಿಡ ಸೊನ್ನೆ. ಅವ್ವ ಫೋನ್ ಮಾಡಿದಾಗೆಲ್ಲ "ಮೆಣಸಿನಗಿಡ ಹಚ್ಚಾಕ ಅಷ್ಟು ಓದಬೇಕೇನವಾ?" ಅಂತಿದ್ದಳು.

ಮಟ್ಟುವಿನ ಅಳಿಯ

ಮೇಡಂ, ವಿವರಣೆ ಚಂದ ಉಂಟು. ಆದರೆ ನಮ್ಮ ಕಡೆಯವರಿಗೆ ಈ ವಿಷಯ ಇಷ್ಟು ತಮಾಷೆ ಅಲ್ಲ ಮಾರಾಯ್ರೆ. ಉಡುಪಿ ಹತ್ತಿರದ ನಮ್ಮ ಮಟ್ಟುಗುಳ್ಳ ಎಂದರೆ ವಾದಿರಾಜರು ಕೊಟ್ಟ ಬೀಜ ಎಂದು ನಂಬಿಕೊಂಡು ಬಂದ ಬದನೆ. ಹುಳ ಕೊಲ್ಲುವ ಜೀನು ಸೇರಿಸಿದ ಬಿಟಿ ಬದನೆಯ ಗಲಾಟೆಯ ಕಾಲದಲ್ಲಿ, ಬಿಟಿ ಮಾಡುವ ತಳಿಗಳ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಉಡುಪಿ ಗುಳ್ಳವೂ ಇತ್ತು. 2010ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ಆಗಿನ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ಸಭೆ ಕರೆದದ್ದು, ಮೂರೇ ದಿನದಲ್ಲಿ, 9ನೇ ತಾರೀಖಿಗೆ ತಡೆ ಹಾಕಿದ್ದು ನಮಗೆ ಚೆನ್ನಾಗಿ ನೆನಪುಂಟು. ಮರುವರ್ಷ ಗುಳ್ಳಕ್ಕೆ ಜಿಐ (ಭೌಗೋಳಿಕ ಗುರುತು) ಬಂತು. ನಮ್ಮ ಗುಳ್ಳದ ಎಲೆಗೂ ಹೀಗೇ ಬ್ಯಾಕ್ಟೀರಿಯಾ ಹಚ್ಚಿದ್ದರೋ?

ಪೆಟ್ರಿತಟ್ಟೆ

ಇಲ್ಲ ಸರ್, ಗುಳ್ಳದ ಎಲೆಯನ್ನ ಬ್ಯಾಕ್ಟೀರಿಯಾದಲ್ಲಿ ಅದ್ದಿರಲಿಲ್ಲ. ನಾನು ಮೇಲೆ ಗೋಳಾಡಿದ್ದಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಒಂದೊಂದು ತಳಿಗೂ ಈ ಒದ್ದಾಟ ಯಾರಿಗೂ ಬೇಡ. ಮಹಿಕೊ ಕಂಪನಿಯವರು ಒಂದು ಬದನೆ ತಳಿಗೆ ಈ ಬ್ಯಾಕ್ಟೀರಿಯಾದಿಂದ ಜೀನು ಸೇರಿಸಿ, ಸರಿಯಾಗಿ ಕೂತ ಒಂದೇ ಗಿಡದ ವಂಶವನ್ನ ಆರಿಸಿ ಇಇ-1 ಅಂತ ಹೆಸರಿಟ್ಟರು. ಆಮೇಲಿನದ್ದೆಲ್ಲ ಹಳೇ ಕಾಲದ ಪರಾಗಸ್ಪರ್ಶ. ಇಇ-1ರ ಜೊತೆ ಗುಳ್ಳವನ್ನ ಕೂಡಿಸಿ, ಹುಟ್ಟಿದ್ದನ್ನ ಮತ್ತೆ ಮತ್ತೆ ಗುಳ್ಳಕ್ಕೇ ಕೂಡಿಸೋದು. ಹತ್ತಿಯೂ ಹಾಗೆಯೇ. ಮೊದಲ ಬಿಟಿ ಜೀನು ಕೂತದ್ದು ಕೋಕರ್ 312 ಅನ್ನೋ ಅಮೆರಿಕದ ಹತ್ತಿಯಲ್ಲಿ, ಯಾಕಂದ್ರೆ ಅದು ತಟ್ಟೆಯಲ್ಲಿ ಸುಲಭವಾಗಿ ಗಿಡವಾಗುತ್ತೆ. 2002ರಲ್ಲಿ ನಮ್ಮಲ್ಲಿ ಒಪ್ಪಿಗೆ ಸಿಕ್ಕ ಹೈಬ್ರಿಡ್‌ಗಳಿಗೆ ಅದು ಬಂದದ್ದು ಕೂಡಿಸಿ ಕೂಡಿಸಿ.

ಹಾಗಂತ ನಿಮ್ಮ ಸಂಕಟ ಸುಳ್ಳಲ್ಲ. ಎಷ್ಟು ಸಲ ಮರಳಿ ಕೂಡಿಸಿದರೆ ಅದು ಮತ್ತೆ ಗುಳ್ಳ ಆಗುತ್ತೆ ಅನ್ನೋದನ್ನ ಪಿಸಿಆರ್ ಹೇಳಲ್ಲ, ನಿಮ್ಮ ಊರಿನ ಸಾಂಬಾರೇ ಹೇಳಬೇಕು. ನಾನು ಈ ಕೆಲಸದಲ್ಲೇ ಅನ್ನ ತಿಂದವಳು, ಆದರೂ ಹೆಸರಿರೋ ಊರ ತಳಿಗೆ ಕೈ ಹಾಕೋ ಮುಂಚೆ ಅದನ್ನ ಬೆಳೆಯೋರನ್ನ ಕೇಳಬೇಕಿತ್ತು ಅಂತಲೇ ನನ್ನ ಅಭಿಪ್ರಾಯ.

ಬಳ್ಳಾಪುರದ ಮೇಷ್ಟ್ರು

ಮೊನ್ನೆ ಹನ್ನೆರಡನ್ನೂ ಕಿತ್ತು ಸುಟ್ಟಾಯ್ತು. ನಮ್ಮ ಮನೆಯವರು ಎರಡು ದಿನ ಮಾತಾಡಿಲ್ಲ, ಅದರಲ್ಲಿ ನಾಲ್ಕು ಮೊಗ್ಗು ಬಿಟ್ಟಿದ್ದವು. ಹುಡುಗಿಗೂ ಉತ್ತರ ಹೇಳಿದೆ. "ಹಾಗಾದ್ರೆ ಗೆಣಸಿಗೆ ಪರ್ಮಿಷನ್ ಯಾರು ಕೊಟ್ರು ಸಾರ್?" ಅಂದಳು! ಸುಡೋ ಮುಂಚೆ ಒಂದು ಎಳೇ ಗಂಟನ್ನ ಡಬ್ಬಿಯಲ್ಲಿ ಎತ್ತಿಟ್ಟಿದ್ದೀನಿ. ಶಾಲೆಯಲ್ಲಿ ಏನಾದರೂ ಮಾಡಬಹುದಾ ಮೇಡಂ?

ಪೆಟ್ರಿತಟ್ಟೆ

ಜೀನು ಬದಲಿಸಿದ ಬ್ಯಾಕ್ಟೀರಿಯಾ ಶಾಲೆಗೆ ಬೇಡವೇ ಬೇಡ. ಅದಕ್ಕೆ 1989ರ ನಿಯಮಗಳಿವೆ, ಸಮಿತಿ ಇದೆ, ಒಪ್ಪಿಗೆ ಬೇಕು. ಆದರೆ ನಿಮ್ಮ ಡಬ್ಬಿಯಲ್ಲಿರೋದು ಕಾಡು ಬ್ಯಾಕ್ಟೀರಿಯಾ, ಹೊಲದ್ದೇ. ಕಾಡುಬಸಳೆಯ ಎರಡು ಕುಂಡ ತಗೊಳ್ಳಿ. ಬೆಳ್ಳಗಿರೋ ಎಳೇ ಗಂಟನ್ನ ಕುದಿಸಿ ಆರಿಸಿದ ನೀರಲ್ಲಿ ಅರೆದು ಅರ್ಧ ಗಂಟೆ ಬಿಡಿ. ಒಂದು ಗಿಡದ ಕಾಂಡಕ್ಕೆ ಸೂಜಿ ಚುಚ್ಚಿ ಆ ನೀರು ಹಚ್ಚಿ. ಇನ್ನೊಂದಕ್ಕೆ ಬೇರೆ ಸೂಜಿಯಲ್ಲಿ ಚುಚ್ಚಿ ಬರೀ ನೀರು. ತಂಪಾದ ಕಡೆ ಇಟ್ಟು ಮೂರು ನಾಲ್ಕು ವಾರ ಕಾಯಿರಿ. ಈಗಲೇ ಮಾಡಿ, ಬೇಸಿಗೆ ಬಂದರೆ ನನ್ನ ಆ ಏಪ್ರಿಲ್ ಥರ ಆಗುತ್ತೆ. ಮಕ್ಕಳು ಕೈ ತೊಳೆದುಕೊಳ್ಳಲಿ. ಮುಗಿದ ಮೇಲೆ ಗಿಡ ಸುಟ್ಟು, ಕುಂಡದ ಮಣ್ಣಿಗೆ ಕುದಿಯೋ ನೀರು ಹುಯ್ಯಿರಿ.

ಕಸಿಕತ್ತರಿ

ಹುಯ್ದ ಮೇಲೂ ಆ ಮಣ್ಣನ್ನ ಶಾಲೆ ಹೂದೋಟಕ್ಕೆ ಸುರಿಯಬೇಡಿ ಸಾರ್. ಮತ್ತೆ ಗುಲಾಬಿ ಗಿಡ ತಗೊಳ್ಳೋಕೆ ನಮ್ಮ ನರ್ಸರಿಗೆ ಬರೋದಾದ್ರೆ ಬನ್ನಿ, ಬುಡ ಕೆದರಿ ನೋಡಿ ತಗೊಳ್ಳಿ. ಆದರೆ ನಿಮ್ಮ ಕತ್ತರಿ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.