ಡರ್ಟಿ ಕೌ: ಓದೋಕೆ ಮಾತ್ರ ಇರುವ ಫೈಲಿಗೆ ಬರೆಯಲು ಆಗಿದ್ದು ಹೇಗೆ?

ಹೊಸಬ:
ಎಂ.ಟೆಕ್ ಸೆಮಿನಾರ್‌ಗೆ ಲಿನಕ್ಸ್ ಕರ್ನಲ್‌ನ ಡರ್ಟಿ ಕೌ ಅನ್ನೋ ಭದ್ರತಾ ತೂತು, ಅಂದರೆ ಸಿವಿಇ-2016-5195 ತಗೊಂಡಿದ್ದೇನೆ. ಕೌ ಅಂದರೆ ಕಾಪಿ ಆನ್ ರೈಟ್, ಬರೆಯುವಾಗ ಪ್ರತಿ ಮಾಡಿಕೊಳ್ಳೋದು. ಹಳೇ ಉಬುಂಟು 14.04ನ ವರ್ಚುವಲ್ ಮಷೀನ್‌ನಲ್ಲಿ ಓಡಿಸಿ ನೋಡಿದೆ. ಫೈಲ್ ರೂಟ್‌ದು, ನನಗೆ ಓದೋಕೆ ಮಾತ್ರ ಅನುಮತಿ. ಎರಡು ಥ್ರೆಡ್ ಸುತ್ತುತ್ತಾ ಇದ್ದವು, ಒಂದು ಬರೆಯೋಕೆ, ಇನ್ನೊಂದು ಪ್ರತಿಯನ್ನು ಎಸೆಯೋಕೆ. ಸ್ವಲ್ಪ ಹೊತ್ತು ಬಿಟ್ಟು ಕ್ಯಾಟ್ ಕೊಟ್ಟರೆ ಒಳಗೆ ನಾನು ಕೊಟ್ಟ ಅಕ್ಷರಗಳು! ರೇಸ್ ಕಂಡಿಷನ್, ಅಂದರೆ ಎರಡು ಕೆಲಸಗಳ ಪೈಪೋಟಿಯಲ್ಲಿ ಆಗುವ ತಪ್ಪು ಅಂತ ಎಲ್ಲರೂ ಬರೆದಿದ್ದಾರೆ, ಸರಿ. ಆದರೆ ಫೈಲನ್ನು ಮೆಮೊರಿಗೆ ಜೋಡಿಸಿದ ಮ್ಯಾಪ್ ಪ್ರೈವೇಟ್ ಅಂದಮೇಲೆ ಬರೆಯುವ ಮೊದಲು ಪ್ರತಿ ಆಗಲೇಬೇಕಲ್ವಾ? ಆ ಪ್ರತಿಯನ್ನು ಎಸೆದರೆ ಕರ್ನಲ್ ಇನ್ನೊಂದು ಮಾಡಿಕೊಳ್ಳಬೇಕಿತ್ತು. ಮೂಲದ ಮೇಲೆ ಯಾಕೆ ಬರೆಯಿತು?

ಹಳೇ ಸರ್ವರ್:
ಕೊನೆಯಲ್ಲಿ ಕೇಳಿದಿರಲ್ಲ, ಅದೇ ಇಲ್ಲಿ ಅಸಲು ಪ್ರಶ್ನೆ. ಪ್ರತಿ ಎಸೆಯುವ ಎಂಅಡ್ವೈಸ್ ಸಿಸ್ಟಂ ಕಾಲ್ ಮೇಲೆ ಜಾಸ್ತಿ ಜನ ತಪ್ಪು ಹೊರಿಸುತ್ತಾರೆ. ಪಾಪ, ಅದು ತನ್ನ ಕೆಲಸ ಮಾಡಿತು ಅಷ್ಟೇ. ಎಡವಿದ್ದು ಗೆಟ್_ಯೂಸರ್_ಪೇಜಸ್, ಪ್ರೋಗ್ರಾಂನ ಮೆಮೊರಿ ಪುಟಗಳನ್ನು ಹುಡುಕಿಕೊಡುವ ಕರ್ನಲ್ ಫಂಕ್ಷನ್.

/ಪ್ರಾಕ್/ಸೆಲ್ಫ್/ಮೆಮ್ (ಪ್ರೋಗ್ರಾಂಗೆ ತನ್ನದೇ ಮೆಮೊರಿಯನ್ನು ಫೈಲಿನಂತೆ ತೋರಿಸುವ ದಾರಿ) ಮೂಲಕ ಬರೆದಾಗ ಕರ್ನಲ್ ‘ಬರೆಯೋಕೆ ಪುಟ ಬೇಕು’ ಅಂತ ಹುಡುಕುತ್ತದೆ. ಆ ಫ್ಲ್ಯಾಗ್ ಹೆಸರು ಫೋಲ್_ರೈಟ್. ಜೊತೆಗೆ ಫೋಲ್_ಫೋರ್ಸ್ ಇರುತ್ತದೆ, ಅಂದರೆ ಮ್ಯಾಪ್ ಓದೋಕೆ ಮಾತ್ರ ಇದ್ದರೂ ಪರವಾಗಿಲ್ಲ. ಡಿಬಗರ್‌ಗಳು ಬ್ರೇಕ್‌ಪಾಯಿಂಟ್ ಇಡೋಕೆ ಇದು ಬೇಕೇ ಬೇಕು. ಬೇಕಾದ ಪುಟ ಸಿಗದೆ ಫಾಲ್ಟ್ ಆಗಿ ಪ್ರತಿ ತಯಾರಾಗುತ್ತದೆ. ಆದರೆ ಮ್ಯಾಪ್‌ಗೇ ಬರೆಯುವ ಹಕ್ಕಿಲ್ಲ, ಹಾಗಾಗಿ ಪ್ರತಿಯ ಪೇಜ್ ಟೇಬಲ್ ಎಂಟ್ರಿ (ಪುಟ ಎಲ್ಲಿದೆ, ಏನು ಅನುಮತಿ ಅನ್ನೋ ದಾಖಲೆ) ಕೂಡ ಓದೋಕೆ ಮಾತ್ರ. ‘ಬರೆಯೋಕೆ ಬೇಕು’ ಅಂತಲೇ ಕೇಳುತ್ತಿದ್ದರೆ ಆ ಪುಟ ಎಂದಿಗೂ ಸಿಗಲ್ಲ. ಅದಕ್ಕೆ ಕರ್ನಲ್ ಒಂದು ಅಡ್ಡದಾರಿ ಹಿಡಿದಿತ್ತು. ಪ್ರತಿ ಆಯ್ತಲ್ಲ, ಇನ್ನು ಫೋಲ್_ರೈಟ್ ತೆಗೆದುಬಿಡೋಣ, ಓದೋಕೆ ಅಂತ ಕೇಳಿದರೂ ಅದೇ ಪ್ರತಿ ಸಿಗುತ್ತೆ ಅಂತ.

ಸಿಗುತ್ತೆ, ಪ್ರತಿ ಅಲ್ಲೇ ಇದ್ದರೆ. ಫ್ಲ್ಯಾಗ್ ತೆಗೆದು ಮತ್ತೆ ಹುಡುಕುವಷ್ಟರಲ್ಲಿ ನಿಮ್ಮ ಇನ್ನೊಂದು ಥ್ರೆಡ್ ಪ್ರತಿಯನ್ನು ಬಿಸಾಡಿರುತ್ತದೆ. ಈಗ ಪುಟವೂ ಇಲ್ಲ, ಫ್ಲ್ಯಾಗೂ ಇಲ್ಲ. ಯಾರೋ ಓದೋಕೆ ಬಂದಿದ್ದಾರೆ ಅಂದುಕೊಂಡು ಕರ್ನಲ್ ಪೇಜ್ ಕ್ಯಾಶ್‌ನಲ್ಲಿರುವ, ಅಂದರೆ ಫೈಲಿನದೇ ಆದ ಮೂಲ ಪುಟವನ್ನೇ ಕೊಡುತ್ತದೆ. ಜೆರಾಕ್ಸ್ ಮೇಲೆ ಗೀಚಲು ಬಂದವನ ಕೈಗೆ ಗುಮಾಸ್ತ ಮೂಲ ದಾಖಲೆ ಕೊಟ್ಟ ಹಾಗೆ.

ಗೊಣಗಪ್ಪ:
/ಪ್ರಾಕ್/ಸೆಲ್ಫ್/ಮೆಮ್‌ಗೆ ಬರೆಯೋದನ್ನು ಮುಚ್ಚಿದ್ದರೆ ಮುಗೀತಿತ್ತಲ್ವಾ? ಸುಮ್ನೆ ಎಲ್ಲರ ಕೈಲೂ ರೀಬೂಟ್ ಮಾಡಿಸಿದರು. ಅದೂ ಅಲ್ಲದೆ ಮಷೀನ್ ಒಳಗೆ ಮೊದಲು ಲಾಗಿನ್ ಬೇಕು. ಅಷ್ಟಕ್ಕೆ ಹಸುವಿನ ಲೋಗೋ ಬೇರೆ!

ಹಳೇ ಸರ್ವರ್:
ಮುಗೀತಿರಲಿಲ್ಲ ಸಾರ್. ಡಿಬಗರ್‌ಗಳು ಬಳಸುವ ಪಿಟ್ರೇಸ್ ಸಿಸ್ಟಂ ಕಾಲ್‌ನ ಪೋಕ್‌ಡೇಟಾ ಕೂಡ ಅದೇ ಕೋಡ್ ಹಾದು ಹೋಗುತ್ತದೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 5 ಮತ್ತು 6ರಲ್ಲಿ ಆ ಮೆಮ್ ಫೈಲಿಗೆ ಬರೆಯೋಕೆ ಆಗುತ್ತಿರಲಿಲ್ಲ, ಆದರೂ ಪಿಟ್ರೇಸ್ ಕಡೆಯಿಂದ ತೂತು ಇದ್ದೇ ಇತ್ತು.

ಲಾಗಿನ್ ವಿಷಯಕ್ಕೆ ಬಂದರೆ, ಆಗ ನಾನು ನೋಡಿಕೊಳ್ಳುತ್ತಿದ್ದದ್ದು ಒಂದು ಕಾಲೇಜಿನ ಲ್ಯಾಬ್ ಸರ್ವರ್. ಎಲ್ಲ ಹುಡುಗರಿಗೂ ಶೆಲ್ ಇತ್ತು, ಜೀಸಿಸಿ ಕಂಪೈಲರ್ ಇತ್ತು. ಇನ್ನೇನು ಬೇಕು? ದೀಪಾವಳಿ ರಜೆವರೆಗೆ ಕಾಯೋಣ ಅಂದವರ ಮಾತು ಕೇಳದೆ ರಾತ್ರೋರಾತ್ರಿ ರೀಬೂಟ್ ಮಾಡಿದೆ. ತೂತನ್ನು ಪತ್ತೆ ಮಾಡಿದ ಫಿಲ್ ಓಸ್ಟರ್‌ಗೆ ಇದು ಸಿಕ್ಕಿದ್ದೂ ಸೆರೆಹಿಡಿದಿಟ್ಟ ಎಚ್‌ಟಿಟಿಪಿ ಪ್ಯಾಕೆಟ್‌ಗಳಲ್ಲಿ. ಯಾರೋ ಅಷ್ಟರಲ್ಲೇ ಅದನ್ನು ಬಳಸುತ್ತಿದ್ದರು. ಲೋಗೋ ಬಗ್ಗೆ ನಿಮ್ಮ ಜೊತೆ ಜಗಳವಿಲ್ಲ. ಮಾಡಿದವರೇ ಆ ಬ್ರ್ಯಾಂಡ್ ಹುಚ್ಚನ್ನು ಗೇಲಿ ಮಾಡಲು ಮಾಡಿದ್ದು.

ಹೊಸಬ:
ಈಗ ತಲೆಗೆ ಹೋಯ್ತು, ಥ್ಯಾಂಕ್ಸ್. ಆದರೆ ಫ್ಲ್ಯಾಗ್ ತೆಗೆಯದಿದ್ದರೆ ಪುಟ ಸಿಗಲ್ಲ ಅಂದಿರಿ. ಮತ್ತೆ ಸರಿಮಾಡಿದ್ದು ಹೇಗೆ?

ಹಳೇ ಸರ್ವರ್:
ಫೋಲ್_ರೈಟ್ ಹಾಗೇ ಬಿಟ್ಟರು. ಪ್ರತಿ ಆಗಿದೆ ಅನ್ನೋದಕ್ಕೆ ಫೋಲ್_ಕೌ ಅಂತ ಬೇರೆ ಗುರುತು ತಂದರು. ಆ ಗುರುತೂ ಇದ್ದು, ಎಂಟ್ರಿಯಲ್ಲಿ ಡರ್ಟಿ ಬಿಟ್ (ಪುಟ ಬದಲಾಗಿದೆ ಅನ್ನೋ ಗುರುತು) ಕೂಡ ಇದ್ದರೆ ಮಾತ್ರ ಪುಟ ಕೊಡು ಅಂತ. ನಡುವೆ ಪ್ರತಿ ಕಳೆದುಹೋದರೆ ಮತ್ತೆ ಬರೆಯುವ ಫಾಲ್ಟೇ ಆಗುತ್ತದೆ, ಹೊಸ ಪ್ರತಿ ಬರುತ್ತದೆ. 2016ರ ಅಕ್ಟೋಬರ್‌ನಲ್ಲಿ 4.8.3, 4.7.9, 4.4.26ರಲ್ಲಿ ಇದು ಬಂತು. ತೂತು ಇದ್ದದ್ದು 2007ರ 2.6.22ರಿಂದ!

ಇದನ್ನು ಸರಿಮಾಡಿದ ಕಮಿಟ್‌ನ (ಕೋಡ್ ಬದಲಾವಣೆಯ) ಸಂದೇಶ ಓದಿ. ಹನ್ನೊಂದು ವರ್ಷದ ಹಿಂದೆ ತಾವೇ ಇದನ್ನು ಕೆಟ್ಟದಾಗಿ ಸರಿಪಡಿಸಲು ಹೋಗಿದ್ದು, ಐಬಿಎಂನ ಎಸ್390 ಮಷೀನ್‌ಗಳ ತೊಂದರೆಯಿಂದ ಅದು ವಾಪಸ್ ಆಗಿದ್ದು, ಎಲ್ಲವನ್ನೂ ಲಿನಸ್ ಟೊರ್ವಾಲ್ಡ್ಸ್ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಇನ್ನೊಂದು. ಡರ್ಟಿ ಬಿಟ್ ನಂಬಿದ್ದೇ 2017ರಲ್ಲಿ ಮತ್ತೆ ಕೈಕೊಟ್ಟಿತು. ದೊಡ್ಡ ಪುಟಗಳ ಕೋಡ್ ಸುಮ್ನೆ ಓದುವಾಗಲೂ ಆ ಬಿಟ್ ಹಾಕುತ್ತಿತ್ತು. ಸಿವಿಇ-2017-1000405 ನೋಡಿ. ಸೆಮಿನಾರ್‌ಗೆ ಅದನ್ನೂ ಓದಿಕೊಂಡು ಹೋಗಿ, ಮೇಷ್ಟ್ರು ಕೇಳೋದೇ ಅದನ್ನ.