ಅಪಾರ್ಟ್‌ಮೆಂಟಿನವರೆಲ್ಲ ಸೇರಿ ಊಟ: ಏನು ಮಾಡಬಹುದು?

ಪ್ರಶ್ನೆ (ಬೆಂಗಳೂರು): ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ಹೆಸರೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಜನವರಿಯಲ್ಲಿ ಎಲ್ಲರೂ ಸೇರಿ ಒಂದು ಊಟ ಮಾಡೋಣ ಅಂತಿದ್ದೇವೆ. ಕೇಟರಿಂಗ್ ಬೇಡ, ಸುತ್ತಮುತ್ತ ಬೆಳೆದದ್ದೇ ಆಗಬೇಕು. ಏನು ಮಾಡಬಹುದು?

ಮಾಗಡಿಯವಳು: ಜನವರಿ ಅಂದ್ರೆ ಅವರೆಕಾಯಿ ಕಾಲ ಅಲ್ವಾ? ಹಿತಕಿದ ಬೇಳೆ (ಬೆರಳಲ್ಲಿ ಒತ್ತಿ ಸಿಪ್ಪೆ ತೆಗೆದ ಅವರೆಕಾಳು) ಸಾರು, ರಾಗಿ ಮುದ್ದೆ ಮಾಡಿ. ನಮ್ಮ ಕಡೆಯ ಸೊನೆ ಅವರೆ ಸಿಕ್ಕರೆ ಇನ್ನೂ ಒಳ್ಳೆಯದು, ಆ ಘಮವೇ ಬೇರೆ. ಹಿಂದಿನ ರಾತ್ರಿ ಕಾಳು ನೆನೆಹಾಕಿ, ಬೆಳಗ್ಗೆ ಎಲ್ಲರೂ ಕೂತು ಹಿತಕಿ. ಒಬ್ಬರೇ ಮಾಡಿದರೆ ಬೆರಳು ನೋಯುತ್ತೆ, ಹತ್ತು ಜನ ಕೂತರೆ ಮಾತಾಡ್ತಾ ಮಾತಾಡ್ತಾ ಮುಗಿದೇ ಹೋಗುತ್ತೆ. ಊಟಕ್ಕಿಂತ ಈ ಕೆಲಸದಲ್ಲೇ ಪರಿಚಯ ಜಾಸ್ತಿ ಆಗೋದು.

ಕಲಬುರಗಿಯವ: ನಮ್ಮಲ್ಲಿ ಎಳ್ಳ ಅಮಾವಾಸ್ಯೆಗೆ ಹೊಲದಲ್ಲೇ ಊಟ. ಚರಗ ಚೆಲ್ಲಿ, ಅಂದರೆ ಭೂತಾಯಿಗೆ ಎಡೆಯಾಗಿ ಹೊಲದಲ್ಲಿ ಅಡುಗೆ ಚೆಲ್ಲಿ, ಬುತ್ತಿ ಬಿಚ್ಚುತ್ತೇವೆ: ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಆಗ ಸಿಗುವ ಹಸಿ ಕಾಳು, ಸೊಪ್ಪು ಎಲ್ಲ ಹಾಕಿದ ಭಜ್ಜಿ ಪಲ್ಯ. ಹೊಲ ಇಲ್ಲದವರನ್ನೂ ಕರೆಯುತ್ತೇವೆ. ನೀವೂ ಸೆಕ್ಯುರಿಟಿಯವರನ್ನು, ಮನೆಕೆಲಸದವರನ್ನು ಕರೆಯಿರಿ. ಕೊನೆ ಪಂಕ್ತಿಗಲ್ಲ, ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು: ಖಂಡಿತ. ಮುದ್ದೆ ತಿರುವೋದು ನಮ್ಮ ಸೆಕ್ಯುರಿಟಿ ಅಣ್ಣನಿಗೆ ಚೆನ್ನಾಗಿ ಬರುತ್ತೆ, ಅವರನ್ನೇ ಕೇಳ್ತೀನಿ.