ಅಕ್ವೇರಿಯಂ ಸ್ಟ್ಯಾಂಡಿನ ಬೋಲ್ಟ್ ತುಕ್ಕು ತಿಂದಿದೆ, ನೀರು ಖಾಲಿ ಮಾಡದೆ ಬದಲಿಸಬಹುದಾ?

ಟ್ಯೂಷನ್ ಟೀಚರ್, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ನಮ್ಮ ಪಡಸಾಲೆಯಲ್ಲಿ ಮೀನಿನ ತೊಟ್ಟಿ ಇದೆ. ಮೂರಡಿ ಉದ್ದ, ಒಂದಡಿ ಅಗಲ, 15 ಇಂಚು ಎತ್ತರ. ಕೆಳಗಿರುವುದು ಕಬ್ಬಿಣದ ಆಂಗಲ್ ಸ್ಟ್ಯಾಂಡ್. ವೆಲ್ಡಿಂಗ್ ಅಲ್ಲ, ಎಂಟು ಬೋಲ್ಟ್ ಹಾಕಿ ಜೋಡಿಸಿದ್ದು. ಆರು ವರ್ಷ ಆಯ್ತು.

ಮೊನ್ನೆ ಕಸ ಹೊಡೆಯುವಾಗ ಹಿಂದಿನ ಎಡಗಾಲಿನ ಬುಡದಲ್ಲಿ ಕಂದು ಪುಡಿ ಬಿದ್ದಿತ್ತು. ಇರುವೆ ಮಣ್ಣು ಅಂದುಕೊಂಡು ಗುಡಿಸಿದೆ. ಮರುದಿನ ಮತ್ತೆ ಅಷ್ಟೇ. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಮೇಲಿನ ಬೋಲ್ಟಿನ ತಲೆ ಉಬ್ಬಿ ಪದರ ಪದರವಾಗಿ ಎದ್ದಿದೆ. ಉಗುರಿನಿಂದ ಕೆರೆದರೆ ಹಪ್ಪಳದ ಹಾಗೆ ಚೂರು ಕಿತ್ತು ಬಂತು.

ಅದೇ ಪಡಸಾಲೆಯಲ್ಲಿ ಸಂಜೆ ಹನ್ನೊಂದು ಮಕ್ಕಳು ಕೂರುತ್ತಾರೆ. ಒಬ್ಬನಿಗಂತೂ ಸ್ಟ್ಯಾಂಡಿಗೆ ಒರಗದೆ ಏಳರ ಮಗ್ಗಿ ಬರುವುದೇ ಇಲ್ಲ. ಸದ್ಯಕ್ಕೆ ಅವನನ್ನು ಆಚೆ ಗೋಡೆಗೆ ಕೂರಿಸಿದ್ದೇನೆ.

ತೊಟ್ಟಿ ಕೊಟ್ಟ ಅಂಗಡಿಯಲ್ಲಿ ಕೇಳಿದೆ. "ಮೇಲಿಂದ ಪೇಂಟ್ ಹೊಡೀರಿ, ಏನಾಗಲ್ಲ" ಅಂದರು. ನಮ್ಮ ಮನೆಯವರು ಇಟ್ಟಂಗಿ ಆಸರೆ ಕೊಟ್ಟು ಒಂದೊಂದೇ ಬೋಲ್ಟ್ ಬದಲಿಸೋಣ ಅಂತಾರೆ. ಆಗುತ್ತಾ? ಒಳಗೆ ಎಂಟು ಮೋಲಿ, ಒಂದು ಸಕ್ಕರ್ ಇವೆ. ಯಾವ ಬೋಲ್ಟ್ ತರಬೇಕು ಅಂತಲೂ ಹೇಳಿ.

ಫ್ಯಾಬ್ರಿಕೇಷನ್ ಕೆಲಸದವ, ಶಹಾಬಾದ್:

ಟೀಚರ್ ಅವರೇ, ಸಾಹೇಬರ ಕೈಯಿಂದ ಮೊದಲು ಇಟ್ಟಂಗಿ ಇಸ್ಕೊಳ್ರಿ. ನಿಮ್ಮ ಅಳತೆಗೆ ನೀರೇ 100 ಲೀಟರ್, ಅಂದರೆ 100 ಕೆಜಿ. ಗಾಜು, ಒಳಗಿನ ಕಲ್ಲು ಸೇರಿದರೆ 130 ದಾಟುತ್ತದೆ. ಬೋಲ್ಟ್ ಬಿಚ್ಚುವಾಗ ಸ್ಟ್ಯಾಂಡಿನ ಕಾಲು ನೂಲಿನಷ್ಟು ಜಾರಿದರೂ ಗಾಜಿನ ಮೂಲೆಗೆ ಏಟು. ಖಾಲಿ ಮಾಡಲೇಬೇಕು.

ಪೇಂಟಿನ ಮಾತು ಬಿಡಿ. ಬೋಲ್ಟ್ ಸವೆಯುವುದು ತಲೆಯಲ್ಲಲ್ಲ, ಎರಡು ಆಂಗಲ್ ನಡುವಿನ ಕುತ್ತಿಗೆಯಲ್ಲಿ. ಅಲ್ಲಿಗೆ ಬ್ರಷ್ ಹೋಗುವುದೇ ಇಲ್ಲ.

ಸ್ಟ್ಯಾಂಡನ್ನು ಅಂಗಳಕ್ಕೆ ತನ್ನಿ. ನಟ್ಟಿಗೆ ಡೀಸೆಲ್ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಸುತ್ತಿಗೆಯಿಂದ ಸುಮ್ನೆ ನಾಲ್ಕು ಸಲ ತಟ್ಟಿ, ಆಮೇಲೆ ಪಾನಾ ಹಾಕಿ. 13ರ ಪಾನಾ ಕೂತರೆ ಅದು 8 ಎಂಎಂ ಬೋಲ್ಟ್. ಬರದಿದ್ದರೆ ಹ್ಯಾಕ್ಸಾದಿಂದ ಕೊಯ್ಯಿರಿ. ಗ್ರೈಂಡರ್ ತಂದರೆ ತೊಟ್ಟಿ ಹತ್ತಿರ ಬೇಡವೇ ಬೇಡ, ಕಿಡಿ ಬಿದ್ದ ಕಡೆ ಗಾಜಿನಲ್ಲಿ ಚುಕ್ಕಿ ಕೂತುಬಿಡುತ್ತದೆ.

ಹಳೇ ಬೋಲ್ಟ್ ಒಂದನ್ನು ಅಂಗಡಿಗೆ ಒಯ್ಯಿರಿ. ತುಕ್ಕು ಸುಲಭಕ್ಕೆ ಹಿಡಿಯದ 304 ಸ್ಟೇನ್‌ಲೆಸ್ ಸ್ಟೀಲಿನದು ಕೇಳಿ, ತಲೆ ಮೇಲೆ ಎ2-70 ಅಂತ ಕೊರೆದಿದ್ದರೆ ಅದೇ. ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ, ತಾನಾಗೇ ಸಡಿಲವಾಗದ ನಟ್), ಎರಡೂ ಕಡೆ ವಾಷರ್. ಬೋಲ್ಟಿನ ಮರೆಗೆ, ಅಂದರೆ ನಟ್ ತಿರುಗುವ ಸುತ್ತುಗೆರೆಗೆ, ಚೂರು ಗ್ರೀಸ್ ಸವರಿ. ಸ್ಟೀಲ್ ಬೋಲ್ಟಿಗೆ ಸ್ಟೀಲ್ ನಟ್ ಒಣಗಿದ್ದಾಗ ತಿರುಗಿಸಿದರೆ ಅರ್ಧಕ್ಕೆ ಕಚ್ಚಿಕೊಳ್ಳುತ್ತದೆ, ಆಮೇಲೆ ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ.

ಬೋಲ್ಟ್ ಬಿಚ್ಚಿದ ಮೇಲೆ ಆಂಗಲಿಗೆ ಸ್ಕ್ರೂಡ್ರೈವರ್ ಮೊನೆಯಿಂದ ಜೋರಾಗಿ ಚುಚ್ಚಿ ನೋಡಿ. ಒಳಗೆ ಇಳಿದರೆ ಸ್ಟ್ಯಾಂಡ್ ಗುಜರಿಗೆ. ಗಟ್ಟಿ ಇದ್ದರೆ ವೈರ್ ಬ್ರಷ್, ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಎನಾಮಲ್ ಪೇಂಟ್. ವಾಸನೆ ಪೂರ್ತಿ ಹೋಗುವವರೆಗೆ ತೊಟ್ಟಿ ಇಡಬೇಡಿ.

ಮೀನು ಸಾಕುವವಳು, ಬೀದರ್:

ಅಣ್ಣ ಹೇಳಿದ್ದೆಲ್ಲ ಸರಿ. ನಾನು ಮೀನಿನ ಕಡೆಯಿಂದ ಹೇಳುತ್ತೇನೆ. ಅಕ್ಕಾ, ಕೆಲಸ ಸಂಜೆಗೆ ಇಟ್ಟುಕೊಳ್ಳಿ, ಮಧ್ಯಾಹ್ನದ ಬಿಸಿಗೆ ಬಕೆಟ್ ನೀರು ಬೇಗ ಕಾಯುತ್ತದೆ. ತೊಟ್ಟಿಯ ನೀರನ್ನೇ ದೊಡ್ಡ ಟಬ್ಬಿಗೆ ಇಳಿಸಿ, ಮೀನು ಅದರಲ್ಲೇ ಬಿಡಿ, ಏರ್ ಪಂಪ್ ಹಾಕಿ, ಮೇಲೊಂದು ಜಾಳಿಗೆ ಮುಚ್ಚಿ. ಮೋಲಿ ಜಿಗಿಯುತ್ತವೆ. ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿಯಬೇಡಿ, ಆ ಹಳೇ ನೀರಲ್ಲೇ ಮುಳುಗಿಸಿಡಿ. ಒಣಗಿದರೂ ಕ್ಲೋರಿನ್ ತಾಗಿದರೂ ಅದರೊಳಗಿನ ಒಳ್ಳೇ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯನ್ನು ಇಬ್ಬರು ತಳಕ್ಕೆ ಕೈ ಕೊಟ್ಟು ಎತ್ತಿ. ಮೇಲಿನ ಅಂಚು ಹಿಡಿದರೆ ಗಾಜು ಅಂಟಿಸಿದ ಸಿಲಿಕಾನ್ ಬಿಡುತ್ತದೆ.

ಒಂದು ಕೇಳಲಾ? ಎಂಟರಲ್ಲಿ ಅದೊಂದೇ ಬೋಲ್ಟ್ ಯಾಕೆ ಹಾಗಾಯ್ತು? ಆ ಮೂಲೆಗೆ ನೀರು ಎಲ್ಲಿಂದ ಬರುತ್ತಿದೆ ಅಂತ ಖಾಲಿ ಮಾಡುವ ಮೊದಲೇ ನೋಡಿ.

ಟ್ಯೂಷನ್ ಟೀಚರ್, ಕಲಬುರಗಿ:

ಹನ್ನೆರಡು ದಿನ ಆಯ್ತು, ತಡವಾಗಿ ಬರೆಯುತ್ತಿದ್ದೇನೆ.

ತಂಗಿ ಕೇಳಿದ ಪ್ರಶ್ನೆಯೇ ಎಲ್ಲಾ ಬಿಡಿಸಿತು. ರಾತ್ರಿ ಟಾರ್ಚ್ ಹಿಡಿದು ಅರ್ಧ ಗಂಟೆ ತೊಟ್ಟಿ ಹಿಂದೆ ಕೂತೆ. ಫಿಲ್ಟರಿನ ವೈರ್ ತೊಟ್ಟಿ ಅಂಚಿನಿಂದ ಸೀದಾ ಕೆಳಗೆ ಇಳಿದಿದೆ. ಒಂದು ಹನಿ ಆ ವೈರ್ ಹಿಡಿದು ನಡೆದುಕೊಂಡು ಬಂತು. ಬೋಲ್ಟಿಗೆ ವೈರ್ ತಾಗುವ ಕಡೆ ನಿಂತಿತು, ಆಮೇಲೆ ತಲೆ ಮೇಲೆ ಬಿತ್ತು. ಐದಾರು ನಿಮಿಷಕ್ಕೆ ಇನ್ನೊಂದು. ಆರು ವರ್ಷದಿಂದ ಇದೇ ನಡೆದಿರಬೇಕು. ನಮ್ಮದು ಬೋರ್ ನೀರು, ಬೋಲ್ಟ್ ಸುತ್ತ ಸುಣ್ಣದ ಹಾಗೆ ಬಿಳಿ ಬಳೆ ಕಟ್ಟಿತ್ತು. ಮೇಲಾಗಿ ಕಳೆದ ವರ್ಷ ಮೀನಿಗೆ ಬಿಳಿ ಚುಕ್ಕಿ ಬಂದಾಗ ಕಲ್ಲುಪ್ಪು ಬೇರೆ ಹಾಕಿದ್ದೆ. ಎದೆ ಝಲ್ಲೆಂದಿದ್ದು ಅದಕ್ಕಲ್ಲ. ಅದರ ಕೆಳಗೆ ನಾಲ್ಕು ಬೆರಳು ದೂರದಲ್ಲಿ ಎಕ್ಸ್‌ಟೆನ್ಷನ್ ಬೋರ್ಡ್ ಇತ್ತು!

ಬೋರ್ಡನ್ನು ಗೋಡೆಗೆ ಎತ್ತರಕ್ಕೆ ಹಾಕಿಸಿದೆವು. ವೈರನ್ನು ಪ್ಲಗ್ಗಿಗಿಂತ ಕೆಳಗೆ ಜೋಲಿ ಬಿಟ್ಟಿದ್ದೇವೆ, ಹನಿ ಬಂದರೂ ಈಗ ಆ ತಿರುವಿನಲ್ಲೇ ನೆಲಕ್ಕೆ ಬೀಳುತ್ತದೆ.

ಏಳು ಬೋಲ್ಟ್ ಡೀಸೆಲಿಗೆ ಬಂದವು. ಆ ಎಂಟನೆಯದು ಪಾನಾ ಹಾಕುತ್ತಲೇ ಲಟಕ್ ಅಂತ ಮುರಿಯಿತು. ಕುತ್ತಿಗೆ ಮಕ್ಕಳು ಕೆತ್ತಿ ಕೆತ್ತಿ ಬಿಟ್ಟ ಪೆನ್ಸಿಲಿನ ಹಾಗೆ ಆಗಿತ್ತು. ನಮ್ಮ ಮನೆಯವರು ಅದನ್ನು ಕೈಯಲ್ಲಿಟ್ಟುಕೊಂಡು ಸುಮಾರು ಹೊತ್ತು ಮಾತಾಡಲಿಲ್ಲ. ಇಟ್ಟಂಗಿ ಸುದ್ದಿ ಆಮೇಲೆ ಎತ್ತಿಲ್ಲ.

ಆಂಗಲ್ ಗಟ್ಟಿ ಇತ್ತು. ಬಣ್ಣ ಹೊಡೆದು ಐದು ದಿನ ಬಿಸಿಲಿಗಿಟ್ಟೆವು. ಆದರೆ ಜೋಡಿಸಿದ ಮೇಲೆ ಒಂದು ಕಾಲು ಅಲ್ಲಾಡುತ್ತಿದೆ, ಅದಕ್ಕೇ ತೊಟ್ಟಿ ಇನ್ನೂ ಇಟ್ಟಿಲ್ಲ. ಮೀನು ಟಬ್ಬಿನಲ್ಲೇ ಆರಾಮಾಗಿವೆ, ದಿನಾ ಸ್ವಲ್ಪ ನೀರು ಬದಲಿಸುತ್ತಿದ್ದೇನೆ.

ಫ್ಯಾಬ್ರಿಕೇಷನ್ ಕೆಲಸದವ, ಶಹಾಬಾದ್:

ನೀವು ಒಂದೊಂದೇ ಬೋಲ್ಟನ್ನು ಪೂರ್ತಿ ಬಿಗಿಯುತ್ತಾ ಹೋಗಿರಬೇಕು, ಅದಕ್ಕೇ ಸೊಟ್ಟಗಾಗಿದೆ. ಎಂಟೂ ಸಡಿಲ ಮಾಡಿ. ಮೇಲಿನ ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆಯಿರಿ, ಎರಡೂ ಕಡೆ ಒಂದೇ ಅಳತೆ ಬಂದ ಮೇಲೆ ಬಿಗಿಯಿರಿ. ನೆಲ ನಮ್ಮೂರಿನ ಕಲ್ಲಿನದಾದರೆ ಚೂರು ಏರುತಗ್ಗು ಇರುತ್ತದೆ, ಆ ಕಾಲಿಗೆ ರಬ್ಬರ್ ತುಂಡು ಕೊಡಿ. ತೊಟ್ಟಿಯ ಕೆಳಗೆ ಹೊಸ ಥರ್ಮಾಕೋಲ್ ಹಾಕಿ, ಹಳೆಯದು ಬೇಡ. ನೀರು ತುಂಬಿಸಿ ಒಂದು ವಾರ ಬಿಟ್ಟು ಎಂಟಕ್ಕೂ ಪಾನಾ ಹಾಕಿ ನೋಡಿ.